ತಮ್ಮನ ಬಿಯರಿಗೆ ಹೆಪ್ಪು ಸಾಲಲಿಲ್ಲ

ಪ್ರಶ್ನೆ: ನನ್ನ ತಮ್ಮ ಇಂಗ್ಲೆಂಡಿನ ಮ್ಯಾಂಚೆಸ್ಟರ್‌ನಲ್ಲಿ ಇದ್ದಾನೆ. ಮನೆಯಲ್ಲೇ ಬಿಯರ್ ಮಾಡೋದನ್ನು ಹಚ್ಚಿಕೊಂಡಿದ್ದಾನೆ. 20 ಲೀಟರಿಗೆ ದ್ರವ ರೂಪದ ಯೀಸ್ಟ್ ಒಂದು ಪ್ಯಾಕೆಟ್ ಹಾಕಿದನಂತೆ. ಎರಡು ದಿನ ಆದರೂ ಒಂದು ಗುಳ್ಳೆ ಇಲ್ಲ, ಮೂರನೇ ದಿನ ಶುರುವಾಯಿತು, ಕೊನೆಗೆ ಹುಳಿ ವಾಸನೆ ಬಂದು ಎಲ್ಲ ಚೆಲ್ಲಿದ. ಇಲ್ಲಿ ಗದಗಿನಲ್ಲಿ ನಾನು ರಾತ್ರಿ ರುಬ್ಬಿಟ್ಟ ಇಡ್ಲಿ ಹಿಟ್ಟು ಬೆಳಿಗ್ಗೆ ಉಕ್ಕಿ ಕಟ್ಟೆ ಮೇಲೆ ಹರಿದಿರುತ್ತದೆ. ಅವನದು ಯಾಕೆ ಹೀಗೆ? ಸ್ಟಾರ್ಟರ್ ಮಾಡು ಅಂತ ಗೆಳೆಯರು ಹೇಳಿದ್ದಾರಂತೆ, ಏನದು?
— ಓದುಗರೊಬ್ಬರು, ಗದಗ

ಉತ್ತರ: ಅಕ್ಕಾರೇ, ನಿಮ್ಮ ಇಡ್ಲಿ ಹಿಟ್ಟಿನಲ್ಲೇ ಅರ್ಧ ಉತ್ತರ ಇದೆ. ಉದ್ದಿನಬೇಳೆ, ಅಕ್ಕಿಯ ಮೇಲೆ ಹಿಟ್ಟು ಹುದುಗಿಸೋ ಸೂಕ್ಷ್ಮಜೀವಿಗಳು ಮೊದಲೇ ಕೂತಿರುತ್ತವೆ. ರುಬ್ಬಿಟ್ಟರೆ ಸಾಕು, ನಮ್ಮೂರ ಸೆಕೆಗೆ ಉಳಿದದ್ದನ್ನು ಅವೇ ನೋಡಿಕೊಳ್ಳುತ್ತವೆ. ಬಿಯರ್ ಹಾಗಲ್ಲ. ಬಾರ್ಲಿ ಮಾಲ್ಟಿನ (ಮೊಳಕೆ ಬರಿಸಿ ಒಣಗಿಸಿದ ಬಾರ್ಲಿ) ಸಿಹಿ ನೀರನ್ನು ಸಾಮಾನ್ಯವಾಗಿ ಒಂದು ತಾಸು ಕುದಿಸುತ್ತಾರೆ, ಕೆಲಸಕ್ಕೆ ಬರೋ ಜೀವ ಒಂದೂ ಉಳಿಯೋದಿಲ್ಲ. ಆಮೇಲೆ ಏನಿದ್ದರೂ ಹಾಕಿದ ಯೀಸ್ಟೇ ದುಡಿಯಬೇಕು. ಅದು ಕಡಿಮೆ ಬಿದ್ದರೆ ಸಿಹಿ ನೀರು ಎರಡು ದಿನ ಸುಮ್ನೆ ಕೂತಿರುತ್ತದೆ, ಅಷ್ಟರಲ್ಲಿ ಪಾತ್ರೆಯಿಂದಲೋ ಗಾಳಿಯಿಂದಲೋ ಬಂದ ಬೇರೆ ಜೀವಿಗಳು ಅದನ್ನು ಹುಳಿ ಮಾಡುತ್ತವೆ. ತಮ್ಮನಿಗೆ ಆದದ್ದು ಬಹುಶಃ ಇದೇ.

ಲೆಕ್ಕ ನೋಡಿ. ಇಂಥ ಪ್ಯಾಕೆಟ್ಟಿನಲ್ಲಿ ಹೊಸದಾಗಿದ್ದಾಗ ಸುಮಾರು 10,000 ಕೋಟಿ ಯೀಸ್ಟ್ ಕಣಗಳು ಇರುತ್ತವೆ. ಸಾಧಾರಣ ಕಡುಪಿನ ಏಲ್ ಅನ್ನೋ ಬಗೆಯ 20 ಲೀಟರ್ ಬಿಯರಿಗೆ ಬೇಕಾಗೋದು ಸುಮಾರು 18,000 ಕೋಟಿ. ಪ್ಯಾಕೆಟ್ ಹಳೆಯದಾದಷ್ಟೂ ಕಣಗಳು ಸಾಯುತ್ತವೆ, ಫ್ರಿಜ್ಜಿನ ಹೊರಗೆ ಇದ್ದರಂತೂ ಬೇಗ. ಹಂಡೆ ಹಾಲಿಗೆ ಅರ್ಧ ಚಮಚ ಹೆಪ್ಪು ಹಾಕಿದ ಹಾಗಾಯಿತು, ಅಲ್ವಾ?

ಈ ಕೊರತೆ ತುಂಬೋದಕ್ಕೇ ಸ್ಟಾರ್ಟರ್, ಅಂದರೆ ಯೀಸ್ಟನ್ನು ಮೊದಲೇ ಸ್ವಲ್ಪ ಸಿಹಿ ನೀರಿನಲ್ಲಿ ಬೆಳೆಸಿ ಹೆಚ್ಚಿಸಿಕೊಳ್ಳೋದು. 1 ಲೀಟರ್ ನೀರಿಗೆ 100 ಗ್ರಾಂ ಒಣ ಮಾಲ್ಟ್ ಪುಡಿ (ಮಾಲ್ಟಿನ ಸಿಹಿ ನೀರನ್ನೇ ಒಣಗಿಸಿ ಮಾಡಿದ ಪುಡಿ) ಹಾಕಿ ಹತ್ತು-ಹದಿನೈದು ನಿಮಿಷ ಕುದಿಸಬೇಕು. ಒಲೆ ಬಿಟ್ಟು ಹೋಗಬಾರದು, ಹಾಲಿನ ಹಾಗೆ ಒಮ್ಮೆಲೇ ಉಕ್ಕುತ್ತದೆ. ಮುಚ್ಚಿಟ್ಟು 20-22 ಡಿಗ್ರಿಗೆ ಆರಿಸಿ, ಸ್ವಚ್ಛ ಮಾಡಿದ ಗಾಜಿನ ಪಾತ್ರೆಗೆ ಸುರಿದು ಯೀಸ್ಟ್ ಹಾಕಬೇಕು. ಬಿಸಿ ಇರುವಾಗ ಹಾಕಿದರೆ ಯೀಸ್ಟ್ ಸತ್ತೇ ಹೋಗುತ್ತದೆ. ಬಾಯಿಗೆ ಫಾಯಿಲ್ ಸಡಿಲವಾಗಿ ಹೊದಿಸಿದರೆ ಸಾಕು. ಬಿಗಿ ಮುಚ್ಚಳ ಹಾಕಿದರೆ ಗ್ಯಾಸ್ ತುಂಬಿ ಗಾಜು ಒಡೆಯಬಹುದು. ಆ ಕಡೆ ಹೋದಾಗಲೆಲ್ಲ ಪಾತ್ರೆ ಅಲ್ಲಾಡಿಸಲಿ, ಯಾಕಂದ್ರೆ ಹೊಸ ಕಣ ಹುಟ್ಟೋದಕ್ಕೆ ಯೀಸ್ಟಿಗೆ ಆಮ್ಲಜನಕ ಬೇಕು. ಒಂದೆರಡು ದಿನದಲ್ಲಿ ತಳದಲ್ಲಿ ಬೆಳ್ಳಗೆ ಗಸಿ ಕೂರುತ್ತದೆ. ಅದೇ ನಮಗೆ ಬೇಕಾದ್ದು. ಒಂದು ರಾತ್ರಿ ಫ್ರಿಜ್ಜಿನಲ್ಲಿಟ್ಟು, ಮೇಲಿನ ತಿಳಿ ಬಸಿದು, ಗಸಿಯನ್ನು ಸ್ವಲ್ಪ ಉಳಿದ ನೀರಿನಲ್ಲೇ ಕದಡಿ ದೊಡ್ಡ ಪಾತ್ರೆಗೆ ಸುರಿಯೋದು. ಅದಕ್ಕೂ ಮೊದಲು ಮೂಸಿ ನೋಡಲಿ. ಬ್ರೆಡ್ಡಿನ ವಾಸನೆ ಬಂದರೆ ಸರಿ, ವಿನೆಗರ್ ಥರ ಮೂಗಿಗೆ ಹೊಡೆದರೆ ಚೆಲ್ಲಿಬಿಡಲಿ. 1 ಲೀಟರ್ ಹೋದರೆ ಹೋಗಲಿ, 20 ಲೀಟರ್ ಉಳಿಯುತ್ತದೆ.

ಮಾಲ್ಟ್ ಪುಡಿ ಬದಲು ಸಕ್ಕರೆ, ಬೆಲ್ಲ ಹಾಕೋಣ ಅಂತ ಅನಿಸಬಹುದು. ಬೇಡ. ಬಿಯರಿನಲ್ಲಿ ಯೀಸ್ಟ್ ತಿನ್ನಬೇಕಾದ್ದು ಮುಖ್ಯವಾಗಿ ಮಾಲ್ಟೋಸ್ ಎಂಬ ಸಕ್ಕರೆ. ಸಾದಾ ಸಕ್ಕರೆ ತಿಂದು ಬೆಳೆದ ಯೀಸ್ಟ್ ಅದಕ್ಕೆ ಹೊಂದಿಕೊಳ್ಳೋದಕ್ಕೆ ತಡ ಮಾಡುತ್ತದೆ. ಸಕ್ಕರೆ ನೀರಿನಲ್ಲಿ ಅದಕ್ಕೆ ಬೇಕಾದ ಬೇರೆ ಪೋಷಣೆಯೂ ಇರೋದಿಲ್ಲ.

ಇಷ್ಟೆಲ್ಲ ಯಾಕೆ ಅನ್ನಿಸಿದರೆ ಒಣ ಯೀಸ್ಟ್ ತರಲಿ, ಅದಕ್ಕೆ ಸ್ಟಾರ್ಟರ್ ಬೇಕಾಗಿಲ್ಲ. ಮೊದಲ ಸಲ ಮಾಡೋರಿಗೆ ನಾನು ಅದನ್ನೇ ಹೇಳುತ್ತೇನೆ.

ಇನ್ನೊಂದು ಮಾತು. ಬ್ರಿಟನ್ನಿನಲ್ಲಿ ಸ್ವಂತಕ್ಕೆ ಬಿಯರ್ ಮಾಡೋದಕ್ಕೆ 1963ರಿಂದ ಲೈಸೆನ್ಸ್ ಬೇಕಿಲ್ಲ, ಮಾರುವಂತಿಲ್ಲ ಅಷ್ಟೇ. ನಮ್ಮಲ್ಲಿ ಹಾಗಲ್ಲ. ಕರ್ನಾಟಕ ಅಬಕಾರಿ ಕಾಯ್ದೆ, 1965ರ ಪ್ರಕಾರ ಲೈಸೆನ್ಸ್ ಇಲ್ಲದೆ ಮನೆಯಲ್ಲಿ ಮದ್ಯ ತಯಾರಿಸೋದು ಅಪರಾಧ. ತಮ್ಮ ರಜೆಗೆ ಗದಗಿಗೆ ಬಂದಾಗ ಇಲ್ಲೂ ಒಂದು ಸಲ ಮಾಡಿ ತೋರಿಸ್ತೀನಿ ಅಂದರೆ ಬೇಡ ಅನ್ನಿ.