ವಾಹನ ಪ್ರಶ್ನೋತ್ತರ: 60 ಪಿಎಸ್ ಎಲ್ಲಿ ಹೋಯಿತು?

ಪ್ರಶ್ನೆ: 2019ರ ಪೋರ್ಷೆ 911 ಕರೆರಾ ಎಸ್‌ಗೆ 450 ಪಿಎಸ್ (ಅಶ್ವಶಕ್ತಿ), 2021ರ ಬಿಎಂಡಬ್ಲ್ಯು ಎಂ4 ಕಾಂಪಿಟಿಷನ್‌ಗೆ 510. ಎಂ4 ಬೆಲೆಯೂ ಕಡಿಮೆ. ಹಾಗಿದ್ದ ಮೇಲೆ 911ಗೆ ಅಷ್ಟು ದುಡ್ಡು ಯಾಕೆ ಸುರಿಯಬೇಕು? ಲ್ಯಾಂಬೋರ್ಗಿನಿ ಹುರಕಾನ್ ಇವೆರಡಕ್ಕಿಂತ ಹಗುರ ಅನ್ನುವುದು ನಿಜವೇ? ಸೆಕೆಂಡ್ ಹ್ಯಾಂಡ್ ನೋಡುತ್ತಿದ್ದೇನೆ.
– ಓದುಗರು, ಮೂಡಿಗೆರೆ

ಉತ್ತರ: ಪಿಎಸ್ಸನ್ನು ತೂಕದಿಂದ ಭಾಗಿಸಿ ನೋಡಿ. 2019ರಲ್ಲಿ ಮಾರಾಟಕ್ಕೆ ಬಂದ 992 ಪೀಳಿಗೆಯ ಕರೆರಾ ಎಸ್ 1,515 ಕೆ.ಜಿ. ತೂಗುತ್ತದೆ, ಟನ್ನಿಗೆ 297 ಪಿಎಸ್ ಬಿತ್ತು. ನಾಲ್ಕೂ ಚಕ್ರಕ್ಕೆ ಶಕ್ತಿ ಹೋಗುವ ಎಂ4 ಎಕ್ಸ್‌ಡ್ರೈವ್ 1,775 ಕೆ.ಜಿ.; ಟನ್ನಿಗೆ 287. ಹೆಚ್ಚುವರಿ 60 ಪಿಎಸ್ಸನ್ನು 260 ಕೆ.ಜಿ. ಭಾರವೇ ನುಂಗಿತು.

ಹಿಂದಿನ ಚಕ್ರ ಮಾತ್ರ ಎಳೆಯುವ ಎಂ4 ಇನ್ನೂ ಸ್ವಾರಸ್ಯ. 1,725 ಕೆ.ಜಿ., ಟನ್ನಿಗೆ 296, ಅಂದರೆ 911ಗೆ ಸರಿಸಮ. ಆದರೂ 100 ಕಿ.ಮೀ. ವೇಗ ಮುಟ್ಟಲು ಅದಕ್ಕೆ 3.9 ಸೆಕೆಂಡ್, 911ಗೆ 3.7. ಪೋರ್ಷೆಯ ಎಂಜಿನ್ ಹಿಂದಿನ ಆಕ್ಸಲ್‌ಗಿಂತಲೂ ಹಿಂದೆ ಕೂತಿದೆ. ಆ ಭಾರ ಚಕ್ರಗಳನ್ನು ನೆಲಕ್ಕೆ ಒತ್ತಿ ಹಿಡಿಯುವುದರಿಂದ ಹೊರಡುವಾಗ ಟೈರ್ ಸುಮ್ಮನೆ ತಿರುಗುವುದಿಲ್ಲ. ಎಕ್ಸ್‌ಡ್ರೈವ್ ಎಂ4 3.5 ಸೆಕೆಂಡಿಗೆ ಇಳಿಯುವುದೂ ಇದೇ ಹಿಡಿತದಿಂದ. ಓಡುತ್ತಿರುವಾಗ ಓವರ್‌ಟೇಕ್‌ಗೆ ಮಾತ್ರ 650 ಎನ್‌ಎಂ ಟಾರ್ಕ್‌ನ (ತಿರುಗಿಸುವ ಬಲ) ಎಂ4 ಕಡಿಮೆಯೇನಲ್ಲ. ಕರೆರಾ ಎಸ್‌ನದು 530.

ಹುರಕಾನ್ 911ಗಿಂತ ಹಗುರ ಎಂದು ಹೇಳಲಾಗದು. ಅದರ ಇವೊ ಮಾದರಿಯ 1,422 ಕೆ.ಜಿ. ‘ಒಣ ತೂಕ’: ಪೆಟ್ರೋಲ್, ಆಯಿಲ್, ಕೂಲಂಟ್ ಯಾವುದೂ ಇಲ್ಲದ ಲೆಕ್ಕ. 80 ಲೀಟರ್ ಪೆಟ್ರೋಲೇ ಸುಮಾರು 60 ಕೆ.ಜಿ. ಯುರೋಪಿನ ಇಯು ಲೆಕ್ಕದಲ್ಲಿ ಚಾಲಕನ ಹೆಸರಿನ 75 ಕೆ.ಜಿ. ಸೇರಿರುತ್ತದೆ, ಜರ್ಮನಿಯ ಡಿಐಎನ್ ಲೆಕ್ಕದಲ್ಲಿ ಇರುವುದಿಲ್ಲ. ಹಾಗಾಗಿ ಒಂದೇ 911 ಒಂದು ಕಡೆ 1,515, ಇನ್ನೊಂದು ಕಡೆ 1,590. ಈ ಮೂರನ್ನೂ ಕಲಸಿ ಹೋಲಿಸುವವರೇ ಹೆಚ್ಚು.

ಹೊರರಾಜ್ಯದ ನೋಂದಣಿಯ ಕಾರು ತಂದರೆ, ವಯಸ್ಸಿಗೆ ತಕ್ಕ ರಿಯಾಯಿತಿ ಕಳೆದು ಇಲ್ಲಿನ ಜೀವಿತಾವಧಿ ತೆರಿಗೆ ಕಟ್ಟಬೇಕು. ಅದನ್ನು ಸೇರಿಸಿಯೇ ದರ ಮಾತಾಡಿ.

ಪ್ರಶ್ನೆ: ಮುಳ್ಳಯ್ಯನಗಿರಿ ಕಡೆಗೆ ಹತ್ತುವಾಗ ಇಂಥ ಕಾರಿನ ಶಕ್ತಿಯೂ ಕುಗ್ಗುತ್ತದೆಯೇ?
– ಓದುಗರು, ಚಿಕ್ಕಮಗಳೂರು

ಉತ್ತರ: ಟರ್ಬೊ ಇಲ್ಲದಿದ್ದರೆ ಕುಗ್ಗುತ್ತದೆ. 100 ಮೀಟರ್ ಏರಿದಂತೆ ಶೇ 1ರಷ್ಟು ಎಂದಿಟ್ಟುಕೊಳ್ಳಿ. ನಿಮ್ಮ ಊರೇ 1,000 ಮೀಟರ್‌ಗೂ ಮೇಲಿರುವುದರಿಂದ, 640 ಪಿಎಸ್‌ನ ಹುರಕಾನ್ ಮನೆ ಬಾಗಿಲಲ್ಲೇ ಸುಮಾರು 60 ಪಿಎಸ್ ಬಿಟ್ಟಿರುತ್ತದೆ! 911, ಎಂ4 ಎರಡೂ ಟರ್ಬೊ. ತೆಳು ಗಾಳಿಯನ್ನೂ ಒತ್ತಿ ತುಂಬುವುದರಿಂದ ನಷ್ಟ ಬಹಳ ಕಡಿಮೆ.

ಪ್ರಶ್ನೆ: ಹಂಪ್ ಮೇಲೆ 911ರ ಮೂತಿ ತಾಗದಂತೆ ಏನು ಮಾಡಬಹುದು?
– ಓದುಗರು, ಹಾಸನ

ಉತ್ತರ: ಮುಂಭಾಗ ಎತ್ತುವ ‘ಫ್ರಂಟ್ ಲಿಫ್ಟ್’ ಇರುವ ಕಾರನ್ನೇ ಹುಡುಕಿ, ಮೂತಿ ಸುಮಾರು 4 ಸೆಂ.ಮೀ. ಮೇಲೇಳುತ್ತದೆ. ಹಂಪ್‌ಗೆ ಮೊದಲೇ ಬಟನ್ ಒತ್ತಿ, ನಿಧಾನವಾಗಿ ಓರೆಯಾಗಿ ಹತ್ತಿಸಿ. ಮಳೆಗಾಲದ ಗುಂಡಿ ಇದಕ್ಕಿಂತ ಅಪಾಯ. ಹಿಂದಿನ 305/30 ಟೈರ್‌ನ ಪಕ್ಕೆ ಒಂಬತ್ತು ಸೆಂ.ಮೀ. ಅಷ್ಟೇ, ಅಂಚಿಗೆ ಬಡಿದರೆ ಪಕ್ಕೆ ಉಬ್ಬುತ್ತದೆ, ರಿಮ್ ಸೀಳುತ್ತದೆ. ಸ್ಟೆಪ್ನಿ ಇರುವುದಿಲ್ಲ, ಜೊತೆಗೆ ಕೊಡುವ ಸೀಲಂಟ್ ಡಬ್ಬಿ ಪಕ್ಕೆಯ ಸೀಳಿಗೆ ಆಗಿಬರುವುದಿಲ್ಲ. ಫ್ಲಾಟ್‌ಬೆಡ್ ಗಾಡಿಯವರ ನಂಬರ್ ಫೋನಿನಲ್ಲಿರಲಿ.