‘ಸಹಿ ಹಾಕಿಬಿಟ್ಟೆ ಮೇಡಂ, ಈಗೇನು ಮಾಡಲಿ?’

ಓದುಗರ ಪ್ರಶ್ನೆ, ಕಾರ್ಮಿಕ ಕಾನೂನು ವಕೀಲರ ಉತ್ತರ

ರಾಜೀನಾಮೆ ಕಳಿಸಿ, ಲ್ಯಾಪ್‌ಟಾಪ್ ಕೊರಿಯರ್ ಮಾಡಿ, ಎರಡು ಮೂರು ತಿಂಗಳು ಮನೆಯಲ್ಲಿ ಕೂತು ಆಮೇಲೆ ನನಗೆ ಬರೆಯುತ್ತಾರೆ. ಕೊಡಗಿನ ಗೋಣಿಕೊಪ್ಪದಿಂದ, ಕುಶಾಲನಗರದಿಂದ, ನಾಪೋಕ್ಲುವಿನಿಂದ. ಬರೆಯುವವರು ಐಟಿ ಕಂಪನಿಗಳ ಹುಡುಗ ಹುಡುಗಿಯರು, ಕೆಲವು ಸಲ ಅವರ ಅಪ್ಪಂದಿರು. ಪ್ರಶ್ನೆ ಮಾತ್ರ ಒಂದೇ: ಕಂಪನಿ ಹೆದರಿಸಿ ರಾಜೀನಾಮೆ ಬರೆಸಿಕೊಂಡಿದೆ, ಈಗೇನು ಮಾಡಲಿ? ಹಾಗಾಗಿ ಈ ಸಲ ಹೆಚ್ಚಿನ ಜಾಗ ಆ ಪ್ರಶ್ನೆಗೇ ಕೊಡುತ್ತೇನೆ. ಪಿಎಫ್ ಅಂದರೇನು, ನೋಟಿಸ್ ಪೀರಿಯಡ್ ಅಂದರೇನು ಎಂದು ಮೊದಲಿಂದ ಹೇಳುತ್ತಾ ಕೂರುವುದಿಲ್ಲ. ಏಳೆಂಟು ವರ್ಷ ಸಂಬಳ ತಗೊಂಡವರು ಅಷ್ಟು ತಿಳಿದುಕೊಂಡಿರಬೇಕು.

ಪ್ರಶ್ನೆ: ನನಗೆ 31 ವರ್ಷ. ಬೆಂಗಳೂರಿನ ಸಾಫ್ಟ್‌ವೇರ್ ಕಂಪನಿಯಲ್ಲಿ 7 ವರ್ಷದಿಂದ ಇದ್ದೇನೆ. ಟೆಸ್ಟಿಂಗ್ ಕೆಲಸ, ಹುದ್ದೆಯ ಹೆಸರು ‘ಲೀಡ್’. ಕೋವಿಡ್ ನಂತರ ಹೆಚ್ಚಾಗಿ ಪೊನ್ನಂಪೇಟೆಯ ಮನೆಯಿಂದಲೇ ಕೆಲಸ. ಕಳೆದ ವಾರ ಎಚ್‌ಆರ್ ವಿಡಿಯೊ ಕಾಲ್‌ಗೆ ಕರೆದರು. ‘ಸಂಜೆಯೊಳಗೆ ರಾಜೀನಾಮೆ ಕಳಿಸಿ, ಎರಡು ತಿಂಗಳ ಬೇಸಿಕ್ (ಮೂಲ ವೇತನ) ಕೊಡುತ್ತೇವೆ. ಇಲ್ಲದಿದ್ದರೆ ಟರ್ಮಿನೇಟ್ ಮಾಡುತ್ತೇವೆ, ಮುಂದೆ ಎಲ್ಲಿ ಹೋದರೂ ಅದು ಗೊತ್ತಾಗುತ್ತೆ’ ಎಂದರು. ಮಳೆಗಾಲದಲ್ಲಿ ನೆಟ್‌ವರ್ಕ್ ಹೋಗುತ್ತಿದ್ದದ್ದನ್ನೂ ಎತ್ತಿ ಪರ್ಫಾರ್ಮೆನ್ಸ್ ಸರಿಯಿಲ್ಲ ಎಂದರು. ಹೆದರಿ ಕಳಿಸಿಬಿಟ್ಟೆ. ಕೊನೆಯ ದಿನ ಮುಂದಿನ ತಿಂಗಳ 30. ರಾಜೀನಾಮೆ ಸ್ವೀಕರಿಸಿದ್ದೇವೆ ಅಂತ ಪತ್ರ ಇನ್ನೂ ಬಂದಿಲ್ಲ. ಐಟಿಯವರಿಗೆ ಕಾನೂನೇ ಇಲ್ಲ ಅಂತಾರೆ. ಈಗೇನು ಮಾಡಲಿ? ಮನೆಯಲ್ಲಿ ಹೇಳಿಲ್ಲ.

ಉತ್ತರ: ಇದನ್ನು ಓದಿದ ತಕ್ಷಣ ಕೂತು ಇಮೇಲ್ ಬರೆಯಿರಿ. ನಾಳೆಗೆ ಇಡಬೇಡಿ. ‘ಇಂಥ ದಿನ, ಇಷ್ಟು ಗಂಟೆಗೆ, ಇಂಥವರು ಕಾಲ್‌ನಲ್ಲಿ ಒತ್ತಡ ಹಾಕಿದ್ದರಿಂದ ರಾಜೀನಾಮೆ ಕಳಿಸಿದ್ದೆ. ಅದು ನನ್ನ ಇಷ್ಟದಿಂದ ಕೊಟ್ಟದ್ದಲ್ಲ. ಅದನ್ನು ವಾಪಸ್ ಪಡೆಯುತ್ತಿದ್ದೇನೆ. ಕೆಲಸ ಮಾಡಲು ಸಿದ್ಧನಿದ್ದೇನೆ.’ ಇಷ್ಟು ಸಾಕು. ಸಿಟ್ಟು, ಕಣ್ಣೀರು, ಕಂಪನಿಗೆ ನೀವು ಮಾಡಿದ ಸೇವೆಯ ಕಥೆ ಯಾವುದೂ ಬೇಡ. ಅದೇ ಇಮೇಲನ್ನು ನಿಮ್ಮ ಸ್ವಂತ ವಿಳಾಸಕ್ಕೂ ಕಳಿಸಿಕೊಳ್ಳಿ. ರಾಜೀನಾಮೆ ಸ್ವೀಕಾರವಾಗಿ ಜಾರಿಗೆ ಬರುವ ಮುಂಚೆ ವಾಪಸ್ ಕೇಳಿದವರ ಮಾತಿಗೆ ಬೆಲೆ ಇದೆ. ಮೂರು ತಿಂಗಳ ಮೇಲೆ ‘ಒತ್ತಾಯ ಮಾಡಿ ಬರೆಸಿಕೊಂಡರು’ ಅಂದರೆ, ಇಷ್ಟು ದಿನ ಯಾಕೆ ಸುಮ್ಮನಿದ್ದಿರಿ ಎಂದು ಮೊದಲು ಕೇಳುತ್ತಾರೆ. ನಾನು ನ್ಯಾಯಾಧೀಶೆಯಾಗಿದ್ದರೂ ಅದನ್ನೇ ಕೇಳುತ್ತಿದ್ದೆ.

ಇಷ್ಟು ಗಡಿಬಿಡಿ ಯಾಕೆ ಅಂದರೆ, ಕಾನೂನು ಕೊಡುವ ಹೆಚ್ಚಿನ ರಕ್ಷಣೆ ಕಂಪನಿ ತೆಗೆದುಹಾಕಿದವರಿಗೆ. ತಾವಾಗಿಯೇ ಬಿಟ್ಟವರಿಗೆ ಅದು ಇಲ್ಲ. ಸಂಜೆಯೊಳಗೆ ನಿಮ್ಮ ಕೈಯಿಂದ ಪತ್ರ ಬರೆಸಿಕೊಳ್ಳುವ ಅವಸರ ಅವರಿಗೆ ಇದ್ದದ್ದು ಅದಕ್ಕೇ.

ಲೆಕ್ಕ ಹಾಕಿ ನೋಡಿ. ನಿಮ್ಮ ಬೇಸಿಕ್ 60,000 ರೂಪಾಯಿ, ಕಾನೂನಿನ ಲೆಕ್ಕದ ವೇತನವೂ ಅಷ್ಟೇ ಅಂದುಕೊಳ್ಳೋಣ. ಅವರು ಕೊಡುತ್ತೇನೆ ಎಂದದ್ದು 1,20,000. ಅದೇ ಅವರಾಗಿ ತೆಗೆದರೆ ಒಂದು ತಿಂಗಳ ನೋಟಿಸ್ ಅಥವಾ ಅದರ ಸಂಬಳ ಕೊಡಬೇಕು. ಜೊತೆಗೆ ಸೇವೆಯ ಪ್ರತಿ ವರ್ಷಕ್ಕೆ 15 ದಿನದ ವೇತನ, ಅಂದರೆ 7 ವರ್ಷಕ್ಕೆ ಸುಮಾರು 2,10,000. ಹೊಸ ಕೈಗಾರಿಕಾ ಸಂಬಂಧಗಳ ಸಂಹಿತೆಯ ಪ್ರಕಾರ, ಕೆಲಸ ಹೋದವರು ಹೊಸ ಕೌಶಲ ಕಲಿಯಲೆಂದು ಇರುವ ಮರುಕೌಶಲ ನಿಧಿಯಿಂದ ಇನ್ನೂ 15 ದಿನದ ವೇತನ, ಸುಮಾರು 30,000, ಅದು 45 ದಿನದೊಳಗೆ ನಿಮ್ಮ ಖಾತೆಗೆ ಬರಬೇಕು. ನೋಟಿಸ್ ಬಿಟ್ಟರೂ 2,40,000 ಆಯಿತು. ನಿಮಗೆ ತೋರಿಸಿದ್ದು ಅದರ ಅರ್ಧ. ಗ್ರಾಚ್ಯುಟಿಯನ್ನು ನಾನು ಬೇಕೆಂದೇ ಇದರಲ್ಲಿ ಸೇರಿಸಿಲ್ಲ. ಐದು ವರ್ಷ ದಾಟಿದ ನಿಮಗೆ ಅದು ಹೇಗಿದ್ದರೂ ಸಿಗಬೇಕಾದ್ದೇ. 60,000ಕ್ಕೆ 15 ಗುಣಿಸಿ, 26ರಿಂದ ಭಾಗಿಸಿ, 7ರಿಂದ ಗುಣಿಸಿದರೆ 2,42,307 ರೂಪಾಯಿ. ಕೆಲವು ಕಂಪನಿಗಳು ಇದನ್ನೂ ರಜೆಯ ಹಣವನ್ನೂ ‘ಪ್ಯಾಕೇಜ್’ ಒಳಗೆ ಸೇರಿಸಿ ದೊಡ್ಡ ಮೊತ್ತ ಮಾಡಿ ತೋರಿಸುತ್ತವೆ. ನಿಮ್ಮ ದುಡ್ಡನ್ನೇ ನಿಮಗೆ ಕೊಟ್ಟು ಉಪಕಾರ ಅನ್ನುವ ಈ ಪದ್ಧತಿ ನನಗೆ ಸಿಟ್ಟು ತರಿಸುತ್ತದೆ. ಪ್ಯಾಕೇಜ್ ಪತ್ರ ಬಂದರೆ ಒಂದೊಂದು ಬಾಬತ್ತನ್ನೂ ಬೇರೆ ಮಾಡಿ ಬರೆದುಕೊಡಿ ಎಂದು ಕೇಳಿ.

‘ಐಟಿಯವರಿಗೆ ಕಾನೂನೇ ಇಲ್ಲ’ ಅನ್ನುವ ಮಾತು ಹುಟ್ಟಿದ್ದು ಒಂದು ವಿನಾಯಿತಿಯಿಂದ. ಕೆಲಸದ ಷರತ್ತುಗಳನ್ನು ಕಂಪನಿ ಬರೆದಿಡಬೇಕು ಅನ್ನುವ ಸ್ಥಾಯಿ ಆದೇಶಗಳ ಕಾಯ್ದೆಯಿಂದ ಕರ್ನಾಟಕ ಸರ್ಕಾರ ಐಟಿ ಕಂಪನಿಗಳಿಗೆ ವಿನಾಯಿತಿ ಕೊಡುತ್ತಾ ಬಂದಿತ್ತು. 2024ರಲ್ಲಿ ಅದನ್ನು ಮತ್ತೆ ಐದು ವರ್ಷ ಮುಂದುವರಿಸಿತು. ವಿನಾಯಿತಿ ಇದ್ದದ್ದು ಆ ಒಂದು ಕಾಯ್ದೆಯಿಂದ ಮಾತ್ರ. ಅದಕ್ಕೂ ಷರತ್ತುಗಳಿದ್ದವು: ಕುಂದುಕೊರತೆ ಸಮಿತಿ ಇರಬೇಕು, ನೌಕರರನ್ನು ತೆಗೆದರೆ ಕಾರ್ಮಿಕ ಇಲಾಖೆಗೆ ತಿಳಿಸಬೇಕು. ಷರತ್ತನ್ನು ಯಾರೂ ಓದಲಿಲ್ಲ, ವಿನಾಯಿತಿ ಅನ್ನುವುದನ್ನು ಮಾತ್ರ ಓದಿದರು. 1947ರ ಕೈಗಾರಿಕಾ ವಿವಾದ ಕಾಯ್ದೆ ಮೊದಲಿನಿಂದಲೂ ಐಟಿಗೆ ಅನ್ವಯಿಸುತ್ತಿತ್ತು. 2025ರ ನವೆಂಬರ್ 21ರಿಂದ ಅದರ ಜಾಗಕ್ಕೆ ಬಂದಿರುವ ಕೈಗಾರಿಕಾ ಸಂಬಂಧಗಳ ಸಂಹಿತೆಯೂ ಅನ್ವಯಿಸುತ್ತದೆ.

ಇನ್ನು ‘ಲೀಡ್’. ನೀವು ಕಾನೂನಿನ ಕಣ್ಣಲ್ಲಿ ಕಾರ್ಮಿಕರೋ ಅಲ್ಲವೋ ಎಂದು ಹೇಳುವುದು ವಿಸಿಟಿಂಗ್ ಕಾರ್ಡ್ ಅಲ್ಲ, ದಿನಾ ನೀವು ಮಾಡುವ ಕೆಲಸ. ಸಂಬಳ ಜಾಸ್ತಿ ಇದ್ದರೆ ಕಾರ್ಮಿಕ ಅಲ್ಲ ಅನ್ನುವುದೂ ತಪ್ಪು. ತಾಂತ್ರಿಕ ಕೆಲಸಕ್ಕೆ ಸಂಬಳದ ಮಿತಿ ಇಲ್ಲ. 18,000 ರೂಪಾಯಿಯ ಮಿತಿ ಮೇಲ್ವಿಚಾರಣೆ ಮಾಡುವವರಿಗೆ ಮಾತ್ರ. ನೀವೇ ಕೂತು ಟೆಸ್ಟ್ ಮಾಡುತ್ತಿದ್ದಿರಾ, ಅಥವಾ ಬೇರೆಯವರ ರಜೆ, ರೇಟಿಂಗ್, ನೇಮಕ ತೀರ್ಮಾನಿಸುತ್ತಿದ್ದಿರಾ? ಮೊದಲನೆಯದಾದರೆ ನಿಮ್ಮ ಕಡೆ ಬಲ ಇದೆ. ಎರಡನೆಯದಾದರೆ ನಾನು ಸುಮ್ನೆ ಆಸೆ ತೋರಿಸುವುದಿಲ್ಲ, ಆಗ ನಿಮಗೆ ಉಳಿಯುವುದು ನೇಮಕಪತ್ರದ ಷರತ್ತು ಮಾತ್ರ.

ಪರ್ಫಾರ್ಮೆನ್ಸ್ ಬಗ್ಗೆ ಇಷ್ಟು ಹೇಳುತ್ತೇನೆ. ಹೋದ ವರ್ಷದ ರೇಟಿಂಗ್ ಚೆನ್ನಾಗಿದ್ದರೆ ಅದರ ಪ್ರತಿ ಈಗಲೇ ತೆಗೆದಿಡಿ. ನೇಮಕಪತ್ರ, ಸಂಬಳದ ಚೀಟಿಗಳು, ಬಡ್ತಿ ಪತ್ರ ಕೂಡ. ಆದರೆ ಕಂಪನಿಯ ಕೋಡ್, ಗ್ರಾಹಕರ ಫೈಲು, ಒಳಗಿನ ದಾಖಲೆ ಒಂದನ್ನೂ ನಿಮ್ಮ ಸ್ವಂತ ಮೇಲ್‌ಗೆ ಕಳಿಸಬೇಡಿ. ಸಾಕ್ಷಿ ಸಿಗಲಿ ಎಂದು ಹಾಗೆ ಮಾಡಿ, ದುರ್ನಡತೆಯ ಆರೋಪ ತಲೆ ಮೇಲೆ ಹಾಕಿಕೊಂಡವರನ್ನು ನೋಡಿದ್ದೇನೆ. ಗೆಲ್ಲುವ ಕೇಸನ್ನು ಕೈಯಾರೆ ಹಾಳು ಮಾಡಿಕೊಳ್ಳುವುದು ಅಂದರೆ ಅದೇ.

‘ಮುಂದೆ ಎಲ್ಲಿ ಹೋದರೂ ಗೊತ್ತಾಗುತ್ತೆ’ ಅನ್ನುವುದು ಹೆದರಿಸುವ ಮಾತು. ಶಿಕ್ಷೆಗಾಗಿ ಅಲ್ಲದೆ ಬೇರೆ ಕಾರಣಕ್ಕೆ ತೆಗೆಯುವುದಕ್ಕೇ ರಿಟ್ರೆಂಚ್‌ಮೆಂಟ್ ಎನ್ನುತ್ತಾರೆ. ಅದರಲ್ಲಿ ನಿಮ್ಮ ತಪ್ಪು ಏನೂ ಇಲ್ಲ. 2025ರ ಜುಲೈನಲ್ಲಿ ಟಿಸಿಎಸ್‌ನಂಥ ಕಂಪನಿಯೇ ಶೇ 2ರಷ್ಟು, ಅಂದರೆ 12,000ಕ್ಕೂ ಹೆಚ್ಚು ಜನರನ್ನು ಕಡಿಮೆ ಮಾಡುತ್ತೇವೆ ಎಂದು ಬಹಿರಂಗವಾಗಿ ಹೇಳಿತು. ಇಂಥ ಕಾಲದಲ್ಲಿ ಕೆಲಸ ಹೋಯಿತು ಅನ್ನುವುದನ್ನು ಯಾವ ಹೊಸ ಕಂಪನಿಯೂ ಕಳಂಕ ಎಂದು ನೋಡಬೇಕಾಗಿಲ್ಲ. ಇದೇ ಭಯವನ್ನು ಬಂಡವಾಳ ಮಾಡಿಕೊಂಡು ‘ಕರಿಯರ್ ಕೋಚ್’ ಹೆಸರಿನಲ್ಲಿ ದುಡ್ಡು ತಗೊಂಡು, ‘ಮರ್ಯಾದೆಯಾಗಿ ರಾಜೀನಾಮೆ ಕೊಡಿ’ ಎಂದು ಸಲಹೆ ಕೊಡುವವರು ಹುಟ್ಟಿಕೊಂಡಿದ್ದಾರೆ. ನಿಮ್ಮ ದುಡ್ಡು ತಗೊಂಡು ಕಂಪನಿಯ ಕೆಲಸ ಮಾಡಿಕೊಡುವ ಇಂಥವರ ಬಳಿ ದಯವಿಟ್ಟು ಹೋಗಬೇಡಿ.

ಈಗ ಕಷ್ಟದ ಭಾಗ. ಅವರು ನಿಮ್ಮ ಇಮೇಲ್‌ಗೆ ಜಗ್ಗದೆ ತೆಗೆದೇಬಿಟ್ಟರೆ ಕಾರ್ಮಿಕ ಇಲಾಖೆಯಲ್ಲಿ ಸಂಧಾನಕ್ಕೆ ಅರ್ಜಿ ಹಾಕಬೇಕು. ನಿಮ್ಮ ಕಚೇರಿ ಬೆಂಗಳೂರಿನಲ್ಲಿ ಇರುವುದರಿಂದ ಬನ್ನೇರುಘಟ್ಟ ರಸ್ತೆಯ ಕಾರ್ಮಿಕ ಭವನಕ್ಕೆ ಹೋಗಿ. 45 ದಿನದಲ್ಲಿ ಇತ್ಯರ್ಥ ಆಗದಿದ್ದರೆ ನೀವೇ ನೇರವಾಗಿ ಕೈಗಾರಿಕಾ ಟ್ರಿಬ್ಯುನಲ್‌ಗೆ ಹೋಗಬಹುದು. ಕೆಲಸ ಹೋದ ಎರಡು ವರ್ಷದೊಳಗೆ ಹೋಗಬೇಕು, ಹಿಂದಿದ್ದ ಮೂರು ವರ್ಷ ಈಗಿಲ್ಲ. ಕರ್ನಾಟಕದಲ್ಲಿ 2017ರಿಂದ ಐಟಿ ನೌಕರರದ್ದೇ ನೋಂದಾಯಿತ ಸಂಘ ಇದೆ, ಕೆಐಟಿಯು. ಅವರ ಜೊತೆ ಹೋದರೆ ಸಂಧಾನದ ಮೇಜಿನಲ್ಲಿ ನಿಮ್ಮ ಮಾತಿಗೆ ತೂಕ ಬರುತ್ತದೆ. ಸಂಘ ಅಂದರೆ ಕೆಂಪು ಬಾವುಟ, ನಮಗ್ಯಾಕೆ ಎಂದು ದೂರ ಇದ್ದವರು ಕೆಲಸ ಹೋದ ದಿನ ಒಬ್ಬಂಟಿಯಾಗಿ ನಿಲ್ಲುತ್ತಾರೆ.

ಆದರೆ ಕೋರ್ಟಿನ ದಾರಿ ಬಹಳ ಉದ್ದ. 2015ರಲ್ಲಿ ಕೆಲಸ ಕಳೆದುಕೊಂಡ ಚೆನ್ನೈನ ಐಟಿ ಉದ್ಯೋಗಿಯೊಬ್ಬರನ್ನು ಮತ್ತೆ ಕೆಲಸಕ್ಕೆ ತಗೊಳ್ಳಿ ಎಂದು ಅಲ್ಲಿನ ಕಾರ್ಮಿಕ ನ್ಯಾಯಾಲಯ ಹೇಳಿದ್ದು 2022ರಲ್ಲಿ. ಅವರನ್ನು ಕಾರ್ಮಿಕ ಎಂದು ಒಪ್ಪಿದ್ದು ದೊಡ್ಡ ಗೆಲುವೇ. ಆದರೆ ಏಳು ವರ್ಷ ಕಾಯುವ ಶಕ್ತಿ ಎಲ್ಲರಿಗೂ ಇರುವುದಿಲ್ಲ. ನಾನು ಸ್ವಭಾವದಿಂದಲೇ ಎಚ್ಚರಿಕೆಯವಳು. ನಿಮ್ಮ ವಯಸ್ಸಿನವರಿಗೆ ನಾನು ಹೇಳುವುದು ಇಷ್ಟು: ಕೇಸು ಗೆಲ್ಲುವುದಕ್ಕೆ ಅಂತ ಹೋಗಬೇಡಿ, ಸರಿಯಾದ ಲೆಕ್ಕ ವಸೂಲಿ ಮಾಡುವುದಕ್ಕೆ ಕಾನೂನು ಹಿಡಿಯಿರಿ. ನೋಟಿಸ್, 15 ದಿನದ ಲೆಕ್ಕ, ಅನುಭವ ಪತ್ರ ಮೂರೂ ಬರಹದಲ್ಲಿ ಬಂದರೆ ಒಪ್ಪಿಕೊಂಡು ಮುಂದಿನ ಕೆಲಸ ಹುಡುಕಿ. ಬಾಕಿ ವೇತನ ಕೆಲಸ ಬಿಟ್ಟ ಎರಡು ಕೆಲಸದ ದಿನಗಳಲ್ಲಿ ಕೊಡಬೇಕು ಎಂದು ಹೊಸ ವೇತನ ಸಂಹಿತೆ ಹೇಳುತ್ತದೆ. 45 ದಿನ, 60 ದಿನ ಅನ್ನುವ ಎಚ್‌ಆರ್ ಮಾತಿಗೆ ತಲೆ ಆಡಿಸಬೇಡಿ.

ಮನೆಯಲ್ಲಿ ಇವತ್ತೇ ಹೇಳಿ. ಓದಿಗೆ ತೋಟ ಅಡವಿಟ್ಟು ಸಾಲ ತಗೊಂಡ ಅಪ್ಪ ಅಮ್ಮ ನಮ್ಮಲ್ಲಿ ಎಷ್ಟೋ ಜನ ಇದ್ದಾರೆ. ಕಂತು ತಪ್ಪುವ ಮುಂಚೆ ಬ್ಯಾಂಕಿಗೆ ಹೋಗಿ ಕೇಳಿದವರಿಗೆ ಅವಧಿ ಮುಂದೂಡಿಕೊಳ್ಳುವ ದಾರಿ ಇರುತ್ತದೆ. ಮೂರು ಕಂತು ತಪ್ಪಿದ ಮೇಲೆ ಆ ಮಾತುಕತೆಯೇ ಬೇರೆ. ಪ್ರತಿದಿನ ಬೆಳಿಗ್ಗೆ ಲ್ಯಾಪ್‌ಟಾಪ್ ತೆರೆದು ಕೆಲಸ ಮಾಡುವಂತೆ ನಟಿಸುವುದರಿಂದ ಸಾಲವೂ ನಿಲ್ಲುವುದಿಲ್ಲ, ನಿಮ್ಮ ಆರೋಗ್ಯವೂ ಉಳಿಯುವುದಿಲ್ಲ.

ಪ್ರಶ್ನೆ: ಹೊಸ ಕಾನೂನಿನಲ್ಲಿ ಎಲ್ಲರಿಗೂ ಒಂದೇ ವರ್ಷಕ್ಕೆ ಗ್ರಾಚ್ಯುಟಿ ಅಂತ ವಾಟ್ಸ್‌ಆ್ಯಪ್‌ನಲ್ಲಿ ಬಂದಿದೆ, ನಿಜವೇ?

ಉತ್ತರ: ಸುಳ್ಳು. ನಿಗದಿತ ಅವಧಿಯ ಒಪ್ಪಂದದವರಿಗೆ ಮಾತ್ರ, ಕಾಯಂ ನೌಕರರಿಗೆ ಐದು ವರ್ಷವೇ.

ಪ್ರಶ್ನೆ: 300 ಜನರಿಗಿಂತ ಜಾಸ್ತಿ ಇರುವ ನಮ್ಮ ಐಟಿ ಕಂಪನಿ ಸರ್ಕಾರದ ಅನುಮತಿ ಇಲ್ಲದೆ ತೆಗೆಯುವಂತಿಲ್ಲ ಅಲ್ವಾ?

ಉತ್ತರ: ಆ ನಿಯಮ ಕಾರ್ಖಾನೆ, ಗಣಿ, ಪ್ಲಾಂಟೇಶನ್‌ಗೆ ಮಾತ್ರ. ಅಲ್ಲೂ 100 ಇದ್ದ ಮಿತಿಯನ್ನು 300ಕ್ಕೆ ಏರಿಸಿ ರಕ್ಷಣೆಯನ್ನು ತೆಳುವಾಗಿಸಿದ್ದಾರೆ.

ಪ್ರಶ್ನೆ: ಪಿಎಫ್ ಬೇಗ ತೆಗೆಸಿಕೊಡಲು ಏಜೆಂಟ್ ಶೇ 10 ಕೇಳುತ್ತಿದ್ದಾರೆ. ಕೊಡಬಹುದಾ?

ಉತ್ತರ: ಒಂದು ಪೈಸೆ ಕೊಡಬೇಡಿ, ಒಟಿಪಿಯನ್ನಂತೂ ಕೊಡಲೇಬೇಡಿ.

ಪ್ರಶ್ನೆ: ನಮ್ಮ ಊರ ಹತ್ತಿರದ ದೊಡ್ಡ ಕಾಫಿ ತೋಟದಲ್ಲಿ ಒಬ್ಬರು 22 ವರ್ಷ ಕೆಲಸ ಮಾಡಿದ್ದಾರೆ. ಎರವರ ಆದಿವಾಸಿ ಸಮುದಾಯದವರು. ಈಗ ಕೆಲಸ ಇಲ್ಲ, ಲೈನ್ ಮನೆ (ತೋಟದವರು ಕೂಲಿಯವರಿಗೆ ಕೊಡುವ ಸಾಲುಮನೆ) ಖಾಲಿ ಮಾಡು ಅಂದಿದ್ದಾರೆ. ಚೆಕ್‌ರೋಲ್‌ನಲ್ಲಿ (ತೋಟದ ಹಾಜರಿ ಪುಸ್ತಕದಲ್ಲಿ) ಹೆಸರೇ ಇಲ್ಲವಂತೆ. ನಾನು ಅಲ್ಲಿನ ಶಾಲೆಯ ಶಿಕ್ಷಕಿ. ಏನು ಮಾಡಬಹುದು? (ಅಮ್ಮತ್ತಿ)

ಉತ್ತರ: ನಿಮ್ಮ ಶಾಲೆಯಲ್ಲೇ ಸಾಕ್ಷಿ ಇದೆ. ಅವರ ಮಕ್ಕಳ ದಾಖಲಾತಿಯಲ್ಲಿ ತಂದೆಯ ಉದ್ಯೋಗ, ವಿಳಾಸ ಬರೆದಿರುತ್ತಾರೆ. ಪಡಿತರ ಚೀಟಿ, ಮತದಾರರ ಚೀಟಿಯಲ್ಲಿ ಲೈನ್ ಮನೆಯ ವಿಳಾಸ ಇರಬಹುದು. ತೋಟದ ಆಸ್ಪತ್ರೆ ಚೀಟಿ, ಬೋನಸ್ ಕೊಟ್ಟ ಕಾಗದ, ಜೊತೆಗೆ ಕೆಲಸ ಮಾಡಿದವರ ಮಾತು, ಎಲ್ಲ ಸೇರಿಸಿ. ಮಡಿಕೇರಿಯ ಕಾರ್ಮಿಕ ಅಧಿಕಾರಿಗೆ ಬರಹದಲ್ಲಿ ದೂರು ಕೊಟ್ಟು ಸ್ವೀಕೃತಿ ತಗೊಳ್ಳಿ. ದಿನಕ್ಕೆ 450 ರೂಪಾಯಿ ಕೂಲಿ ಅಂದುಕೊಂಡರೂ 22 ವರ್ಷದ ಗ್ರಾಚ್ಯುಟಿಯೇ 1,48,500 ಆಗುತ್ತದೆ. ಚೆಕ್‌ರೋಲ್‌ನಿಂದ ಹೆಸರು ಯಾಕೆ ಕಾಣೆಯಾಗುತ್ತದೆ ಎಂದು ಬೇರೆ ಹೇಳಬೇಕಾಗಿಲ್ಲ.

ಮುಂಗಡ ತೀರಿಲ್ಲ ಎಂದು ಕೂಲಿ ಹಿಡಿದಿದ್ದರೆ, ಬೇರೆಡೆ ಹೋಗದಂತೆ ತಡೆದಿದ್ದರೆ ಅದು ಜೀತ. 1976ರ ಕಾಯ್ದೆಯಲ್ಲಿ ಅಪರಾಧ. ಉಪವಿಭಾಗಾಧಿಕಾರಿಗೆ ದೂರು ಕೊಡಿ. ನೀರು, ಕರೆಂಟ್ ಕಡಿದು, ಸಾಮಾನು ಹೊರಗೆಸೆದು ಮನೆ ಬಿಡಿಸುವ ಹಕ್ಕು ತೋಟದ ಯಾವ ರೈಟರಿಗೂ (ಗುಮಾಸ್ತರಿಗೂ) ಮೇಸ್ತ್ರಿಗೂ ಇಲ್ಲ. ಹಾಗಾದರೆ ಆ ಕ್ಷಣವೇ 112ಕ್ಕೆ ಫೋನ್ ಮಾಡಿ. 2016ರ ಡಿಸೆಂಬರ್‌ನಲ್ಲಿ ಕೊಡಗಿನ ದಿಡ್ಡಳ್ಳಿಯಲ್ಲಿ ಅರಣ್ಯ ಇಲಾಖೆಯ ತೆರವಿನಲ್ಲಿ ಗುಡಿಸಲು ಕಳೆದುಕೊಂಡ ಬಹಳ ಮಂದಿ ಲೈನ್ ಮನೆಗಳನ್ನು ಬಿಟ್ಟು ಬಂದವರೇ. ತಲೆಮಾರುಗಟ್ಟಲೆ ತೋಟದಲ್ಲಿ ದುಡಿದು, ಹೊರಗೆ ಬಂದಾಗ ನಿಲ್ಲಲು ಒಂದು ಸೆಂಟು ಜಾಗ ಇಲ್ಲದವರು. ಇವರ ವಿಷಯದಲ್ಲಿ ನನಗೆ ತಾಳ್ಮೆ ಉಳಿದಿಲ್ಲ. ದಯವಿಟ್ಟು ಈ ವಾರವೇ ದೂರು ಬರೆಯಲು ಕೂರಿ, ನಾನು ನೋಡಿ ತಿದ್ದಿಕೊಡುತ್ತೇನೆ. ಫೀಸು ಬೇಡ.

ಪ್ರಶ್ನೆ: ಕಂಪನಿ ಅವರದ್ದು, ಬಂಡವಾಳ ಅವರದ್ದು. ನಷ್ಟ ಆದರೆ ತೆಗೆಯುವ ಹಕ್ಕಿಲ್ಲವೇ? ನಿಮ್ಮಂಥವರು ಹೀಗೆ ಬರೆದು ಉದ್ಯಮವನ್ನೇ ಓಡಿಸುತ್ತೀರಿ. (ಸೋಮವಾರಪೇಟೆಯ ಬೆಳೆಗಾರರು)

ಉತ್ತರ: ತೆಗೆಯಬಾರದು ಎಂದು ಕಾನೂನು ಹೇಳುವುದಿಲ್ಲ, ನಾನೂ ಹೇಳಿಲ್ಲ. ಮುಂಚೆ ತಿಳಿಸಿ, ಲೆಕ್ಕ ಕೊಟ್ಟು, ಸಾಮಾನ್ಯವಾಗಿ ಕೊನೆಗೆ ಸೇರಿದವರನ್ನು ಮೊದಲು ತೆಗೆಯಿರಿ ಅನ್ನುತ್ತದೆ. ಉದ್ಯಮ ಓಡಿಹೋಗುವಂಥದ್ದು ಇದರಲ್ಲಿ ಏನಿದೆ?

ಮಾರುಕಟ್ಟೆ ಅಂದರೇನು ಎಂದು ಕೊಡಗಿನ ಬೆಳೆಗಾರರಿಗೆ ನಾನು ಹೇಳಿಕೊಡಬೇಕಾಗಿಲ್ಲ. 1942ರ ಕಾಯ್ದೆಯ ಕಾಲದಿಂದ ಕಾಫಿ ಮಂಡಳಿಯ ಪೂಲ್‌ಗೆ ಕಾಫಿ ಕೊಡುತ್ತಿದ್ದೆವು, ಎಲ್ಲರ ಕಾಫಿಯನ್ನೂ ಒಟ್ಟು ಸೇರಿಸಿ ಮಂಡಳಿಯೇ ಮಾರುತ್ತಿತ್ತು. 1989ರಲ್ಲಿ ಅಂತರರಾಷ್ಟ್ರೀಯ ಕಾಫಿ ಒಪ್ಪಂದದ ಕೋಟಾ (ಯಾವ ದೇಶ ಎಷ್ಟು ರಫ್ತು ಮಾಡಬಹುದು ಅನ್ನುವ ಮಿತಿ) ಮುರಿದುಬಿತ್ತು. 1996ರ ಹೊತ್ತಿಗೆ ಪೂಲ್ ಹೋಗಿ ಎಲ್ಲರೂ ತಮ್ಮ ಕಾಫಿ ತಾವೇ ಮಾರುವಂತಾಯಿತು. ಸ್ವಲ್ಪ ವರ್ಷ ಕೈತುಂಬ ದುಡ್ಡು ಬಂತು. ಆಮೇಲೆ ವಿಯೆಟ್ನಾಂನ ರೊಬಸ್ಟಾ ತುಂಬಿ, 2001ರ ಆಸುಪಾಸಿನಲ್ಲಿ ಬೆಲೆ ಎಲ್ಲಿಗೆ ಇಳಿಯಿತು ಎಂದು ನಿಮಗೆ ನೆನಪಿರುತ್ತದೆ. ಆಗ ಬೆಳೆಗಾರರು ಸರ್ಕಾರದ ಬಳಿ ಹೋದರು. 2010ರಲ್ಲಿ ಕಾಫಿ ಸಾಲ ಪರಿಹಾರ ಪ್ಯಾಕೇಜೂ ಬಂತು. ಅದು ಸರಿಯಾಗಿಯೇ ಇತ್ತು. ಹೆಚ್ಚಿನವರು ಸಣ್ಣ ಬೆಳೆಗಾರರು, ದೂರದ ದೇಶದ ಬೆಲೆಗೆ ಇಲ್ಲಿನ ಮನೆ ಮುಳುಗಬಾರದು. ತಾವು ಮಾಡದ ತಪ್ಪಿಗೆ ತಾವು ಮುಳುಗಬಾರದು ಎಂದು ನೀವು ಕೇಳಿದಿರಿ. ಲೈನ್ ಮನೆಯವರೂ, ಪೊನ್ನಂಪೇಟೆಯ ಹುಡುಗನೂ ಕೇಳುತ್ತಿರುವುದು ಅದನ್ನೇ. ನಷ್ಟ ಬಂದಾಗ ನಿಮ್ಮ ಭಾರವನ್ನು ಸಮಾಜ ಹಂಚಿಕೊಳ್ಳಬೇಕು, ಕೂಲಿಯವರ ಭಾರ ಅವರೊಬ್ಬರದ್ದೇ ಅನ್ನುವ ವಾದವನ್ನು ನಾನು ಒಪ್ಪುವುದಿಲ್ಲ.

ಮುಂದಿನ ಸಲ ಬರೆಯುವವರು ನೇಮಕದ ದಿನಾಂಕ, ದಿನಾ ಮಾಡುವ ಕೆಲಸ, ಬೇಸಿಕ್ ಎಷ್ಟು, ಯಾವುದಕ್ಕೆಲ್ಲ ಸಹಿ ಹಾಕಿದ್ದೀರಿ ಎಂದು ಮೊದಲ ಸಾಲಿನಲ್ಲೇ ಬರೆಯಿರಿ. ಕಂಪನಿಯ ಹೆಸರು ಬೇಡ. ಇನ್ನೂ ಸಹಿ ಹಾಕಿಲ್ಲದಿದ್ದರೆ ಪತ್ರದ ಮೇಲೆ ‘ತುರ್ತು’ ಎಂದು ಬರೆಯಿರಿ, ಅದನ್ನು ಮೊದಲು ಓದುತ್ತೇನೆ.