ಗಾಡಿ ಪ್ರಶ್ನೋತ್ತರ: ಹಿಂದಿನ ಡಿಫರೆನ್ಷಿಯಲ್ ಆಯಿಲ್ ಹಳತಾದಾಗ

ಪ್ರಶ್ನೆ: ನನ್ನ ಹಳೆಯ ಪಿಕಪ್ ಒಂದೂವರೆ ಲಕ್ಷ ಕಿ.ಮೀ. ದಾಟಿದೆ. ಹಿಂದಿನ ಡಿಫರೆನ್ಷಿಯಲ್ ಆಯಿಲ್ ಕೊನೆಯ ಸಲ ಯಾವಾಗ ಬದಲಾಯಿತೋ ಗೊತ್ತಿಲ್ಲ. ನಾನೇ ಬದಲಾಯಿಸಬಹುದೇ? ಯಾವ ಆಯಿಲ್, ಎಷ್ಟು ಬೇಕು?

ಉತ್ತರ: ಧಾರಾಳವಾಗಿ ಬದಲಾಯಿಸಬಹುದು. ಡಿಫರೆನ್ಷಿಯಲ್ ಎಂದರೆ ಹಿಂದಿನ ಆಕ್ಸಲ್ ನಡುವೆ ಇದ್ದು ಎರಡೂ ಚಕ್ರಗಳಿಗೆ ಶಕ್ತಿ ಹಂಚುವ ಗೇರುಗಳ ಪೆಟ್ಟಿಗೆ. ಆದರೆ ಒಂದು ಕ್ರಮ ಮಾತ್ರ ತಪ್ಪಬಾರದು. ಮೊದಲು ಮೇಲಿನ ಫಿಲ್ಲರ್ ಪ್ಲಗ್ (ಆಯಿಲ್ ತುಂಬುವ ತೂತಿನ ಬಿರಡೆ) ಬಿಚ್ಚಿ. ಅದು ಕೈಗೆ ಬಂದ ಮೇಲಷ್ಟೇ ಆಯಿಲ್ ಇಳಿಸುವ ಕೆಳಗಿನ ಡ್ರೈನ್ ಪ್ಲಗ್ ಮುಟ್ಟಿ. ವರ್ಷಗಟ್ಟಲೆ ಯಾರೂ ಮುಟ್ಟದ ಫಿಲ್ಲರ್ ಪ್ಲಗ್ ತುಕ್ಕು ಹಿಡಿದು ಕಚ್ಚಿಕೊಂಡಿರುತ್ತದೆ. ಇದ್ದ ಆಯಿಲ್ಲನ್ನೆಲ್ಲ ಸುರಿಸಿದ ಮೇಲೆ ಅದು ಬಿಚ್ಚಲಿಲ್ಲವೆಂದರೆ ಗಾಡಿ ನಿಂತಲ್ಲೇ ನಿಲ್ಲುತ್ತದೆ. ಹಿಂದಿನ ರಾತ್ರಿಯೇ ತುಕ್ಕು ಬಿಡಿಸುವ ಸ್ಪ್ರೇ ಹೊಡೆದಿಡಿ. ಪ್ಲಗ್‌ನಲ್ಲಿ ಚೌಕದ ಗುಳಿ ಇದ್ದರೆ ಅದರೊಳಗಿನ ಮಣ್ಣನ್ನು ಪೂರ್ತಿ ಕೆರೆದು ತೆಗೆಯಿರಿ. ಎಷ್ಟೋ ಗಾಡಿಗಳಲ್ಲಿ ಅರ್ಧ ಇಂಚಿನ ರ‍್ಯಾಚೆಟ್‌ನ ಚೌಕ ತುದಿಯೇ ಅಲ್ಲಿ ಸರಿಯಾಗಿ ಕೂರುತ್ತದೆ. ಸಡಿಲ ಕೂರುವ ಉಪಕರಣ ಹಾಕಿ ಬಲ ಹಾಕಿದರೆ ಮೂಲೆಗಳು ಸವೆದು ಕೆಲಸ ಎರಡರಷ್ಟಾಗುತ್ತದೆ.

ಆಯಿಲ್ ವಿಷಯದಲ್ಲಿ ಗಾಡಿಯ ಕೈಪಿಡಿಯ ಮಾತೇ ಕೊನೆ. ಹಳೆಯ ಪಿಕಪ್‌ಗಳಿಗೆ ಸಾಮಾನ್ಯವಾಗಿ 80ಡಬ್ಲ್ಯು-90 ಅಥವಾ 75ಡಬ್ಲ್ಯು-90 ಗೇರ್ ಆಯಿಲ್ ಹೇಳಿರುತ್ತಾರೆ (ಈ ಅಂಕಿಗಳು ಆಯಿಲ್ ಎಷ್ಟು ಮಂದ ಎನ್ನುವುದನ್ನು ಹೇಳುತ್ತವೆ). ಭಾರದ ಟ್ರೇಲರ್ ಎಳೆಯುವ ಕೆಲವಕ್ಕೆ 75ಡಬ್ಲ್ಯು-140. ಡಬ್ಬದ ಮೇಲೆ ಜಿಎಲ್-5 ಎಂಬ ಗೇರ್ ಆಯಿಲ್ ದರ್ಜೆ ಇದೆಯೇ ನೋಡಿಕೊಳ್ಳಿ. ಇಲ್ಲಿನ ಕ್ರೌನ್ (ದೊಡ್ಡ ಗೇರ್) ಮತ್ತು ಪಿನಿಯನ್ (ಅದನ್ನು ತಿರುಗಿಸುವ ಚಿಕ್ಕ ಗೇರ್) ಹೈಪಾಯ್ಡ್ ಎಂಬ ಬಗೆಯ ಗೇರುಗಳು. ಅವುಗಳ ಹಲ್ಲುಗಳು ಒಂದರ ಮೇಲೊಂದು ಉರುಳುವುದರ ಜೊತೆಗೆ ವಿಪರೀತ ಒತ್ತಡದಲ್ಲಿ ಜಾರುತ್ತವೆ ಕೂಡ. ಆ ಒತ್ತಡ ತಡೆಯುವ ಗಂಧಕ-ರಂಜಕದ ಅಂಶ ಜಿಎಲ್-4ರಲ್ಲಿ ಕಡಿಮೆ. ಹೊಸ ಆಯಿಲ್ಲೂ ಕಟುವಾಗಿ ನಾರುವುದು ಆ ಗಂಧಕದಿಂದಲೇ, ಆದ್ದರಿಂದ ವಾಸನೆಯೊಂದನ್ನೇ ನೋಡಿ ಆಯಿಲ್ ಕೆಟ್ಟಿದೆ ಎನ್ನಬೇಡಿ. ಪ್ರಮಾಣ ಸಾಮಾನ್ಯವಾಗಿ 1.5ರಿಂದ 3 ಲೀಟರ್.

ಹದಿನೈದು-ಇಪ್ಪತ್ತು ನಿಮಿಷ ಓಡಿಸಿ ಆಯಿಲ್ ಬೆಚ್ಚಗಾದ ಮೇಲೆ ಕೆಲಸ ಶುರುಮಾಡಿ. ತಣ್ಣಗಿದ್ದರೆ ಅದು ಜೇನಿನಂತೆ ಇಳಿಯುತ್ತದೆ, ಹೊಲಸೆಲ್ಲ ತಳದಲ್ಲೇ ಉಳಿಯುತ್ತದೆ. ಪಿಕಪ್ ಎತ್ತರದ ಗಾಡಿ; ಸಮತಟ್ಟಾದ ನೆಲದಲ್ಲಿ ಜಾಕ್ ಇಲ್ಲದೆಯೇ ಕೆಳಗೆ ನುಸುಳಲು ಆಗುವುದಾದರೆ ಅದೇ ಒಳ್ಳೆಯದು. ಎತ್ತಲೇಬೇಕಾದರೆ ಬರೀ ಜಾಕ್ ನಂಬಿ ಕೆಳಗೆ ಹೋಗಬೇಡಿ, ಸ್ಟ್ಯಾಂಡ್ ಕೊಟ್ಟು ಮುಂದಿನ ಚಕ್ರಗಳಿಗೆ ತಡೆ ಇಡಿ.

ಡ್ರೈನ್ ಪ್ಲಗ್ ತೆಗೆದ ಮೇಲೆ ಹನಿ ನಿಲ್ಲುವವರೆಗೆ ಬಿಡಿ. ಪ್ಲಗ್‌ನ ತುದಿಯಲ್ಲಿ ಅಯಸ್ಕಾಂತವಿದ್ದರೆ ಅದನ್ನೊಮ್ಮೆ ಗಮನವಿಟ್ಟು ನೋಡಿ, ಒಳಗಿನ ಸ್ಥಿತಿ ಅಲ್ಲೇ ಗೊತ್ತಾಗುತ್ತದೆ. ಬೆರಳಲ್ಲಿ ಉಜ್ಜಿದರೆ ನುಣ್ಣಗಿರುವ ಬೂದು ಬಣ್ಣದ ಲೇಪ ಸಹಜ ಸವೆತ. ಕೈಗೆ ಚುಚ್ಚುವ ಚೂರು, ಹೊಳೆಯುವ ಚಕ್ಕೆ ಅಥವಾ ಹಲ್ಲಿನ ತುಂಡು ಸಿಕ್ಕರೆ ಬೇರಿಂಗೋ ಗೇರೋ ಒಡೆಯುತ್ತಿದೆ. ಹೊಸ ಆಯಿಲ್‌ನಿಂದ ಅದು ಸರಿಹೋಗುವುದಿಲ್ಲ. ಆಯಿಲ್ ಹಾಲು ಬೆರೆಸಿದಂತೆ ಕಂಡರೆ ನೀರು ಸೇರಿದೆ. ಒಳಗೆ ಡೀಸೆಲ್ ಅಥವಾ ಸೀಮೆಎಣ್ಣೆ ಹಾಕಿ ತೊಳೆಯುವ ಅಭ್ಯಾಸ ಬೇಡ, ಮೂಲೆಗಳಲ್ಲಿ ಉಳಿದದ್ದು ಹೊಸ ಆಯಿಲ್ಲನ್ನು ತೆಳುವಾಗಿಸುತ್ತದೆ.

ಡ್ರೈನ್ ಪ್ಲಗ್ಗೇ ಇಲ್ಲದ ಗಾಡಿಗಳೂ ಬಹಳ. ಅಲ್ಲಿ ಹಿಂದಿನ ಕವರ್ ಕಳಚಬೇಕು. ಮೇಲಿನ ಎರಡು ಬೋಲ್ಟ್ ಸಡಿಲ ಮಾಡಿ ಅಲ್ಲೇ ಬಿಡಿ, ಉಳಿದವನ್ನು ತೆಗೆದು ಕವರ್‌ನ ಕೆಳಭಾಗ ಮೀಟಿ. ಇಲ್ಲವಾದರೆ ಕವರ್ ಒಮ್ಮೆಲೇ ಕಳಚಿ ಆಯಿಲ್ ಮೈಮೇಲೆ ಬೀಳುತ್ತದೆ. ಎರಡೂ ಮುಖಗಳಲ್ಲಿನ ಹಳೆಯ ಅಂಟನ್ನು ಗೀರು ಬೀಳದಂತೆ ಕೆರೆದು, ಎಣ್ಣೆಯ ಪಸೆ ಇಲ್ಲದಂತೆ ಒರೆಸಿ. ಗೇರ್ ಆಯಿಲ್ ತಡೆಯುವ ಸಿಲಿಕಾನ್ ಅಂಟನ್ನು ಬೋಲ್ಟ್ ತೂತುಗಳ ಒಳಬದಿಯಿಂದ ಸುತ್ತಲೂ 3-4 ಮಿ.ಮೀ. ದಪ್ಪಕ್ಕೆ ಎಳೆಯಿರಿ. ಬೋಲ್ಟುಗಳನ್ನು ಎದುರುಬದುರಾಗಿ ಸ್ವಲ್ಪ ಸ್ವಲ್ಪವೇ ಬಿಗಿಯಿರಿ. ಟ್ಯೂಬ್ ಮೇಲೆ ಹೇಳಿದಷ್ಟು ಹೊತ್ತು ಕಾಯದೆ ಆಯಿಲ್ ತುಂಬಿದರೆ ಸೋರುವುದು ಖಚಿತ.

ಹೊಸ ವಾಷರ್ ಹಾಕಿ ಡ್ರೈನ್ ಪ್ಲಗ್ ಬಿಗಿದು, ಕೈಪಂಪು ಅಥವಾ ಉದ್ದ ಕೊಳವೆಯಿಂದ ತುಂಬಿ. ಕೈಪಿಡಿ ಬೇರೆ ಮಟ್ಟ ಹೇಳದಿದ್ದರೆ, ಫಿಲ್ಲರ್ ತೂತಿನ ಕೆಳ ಅಂಚಿಗೆ ಆಯಿಲ್ ಮುಟ್ಟಿದಾಗ ನಿಲ್ಲಿಸಿ. ಈ ಅಳತೆಗೆ ಗಾಡಿ ಸಮವಾಗಿ ನಿಂತಿರಬೇಕು. ಹಿಂದಿನ ಭಾಗವನ್ನಷ್ಟೇ ಎತ್ತಿದ್ದರೆ ಮಟ್ಟ ತಪ್ಪು ತೋರಿಸುತ್ತದೆ. ಸ್ವಲ್ಪ ದೂರ ಓಡಿಸಿ, ತಣಿದ ಮೇಲೆ ಮತ್ತೆ ನೋಡಿ. ಆಕ್ಸಲ್ ಕೊಳವೆಗಳೊಳಗೂ ಆಯಿಲ್ ಹರಿಯುವುದರಿಂದ ಮಟ್ಟ ಕೊಂಚ ಇಳಿದಿರಬಹುದು. ಹಳೆಯ ಆಯಿಲ್ಲನ್ನು ಮಣ್ಣಿಗೋ ಚರಂಡಿಗೋ ಸುರಿಯಬೇಡಿ, ಮುಚ್ಚಿದ ಡಬ್ಬದಲ್ಲಿ ಬಳಸಿದ ಆಯಿಲ್ ಪಡೆಯುವವರಿಗೆ ಕೊಡಿ.

ಪ್ರಶ್ನೆ: ಆಯಿಲ್ ಬದಲಾಯಿಸಿದ ಮೇಲೆ ತಿರುವಿನಲ್ಲಿ ಹಿಂದಿನಿಂದ ಗಡಗಡ ಸದ್ದು, ನಡುಕ. ಮೊದಲು ಇರಲಿಲ್ಲ.

ಉತ್ತರ: ನಿಮ್ಮದು ಲಿಮಿಟೆಡ್ ಸ್ಲಿಪ್ ಡಿಫರೆನ್ಷಿಯಲ್ ಇರಬೇಕು, ಅಂದರೆ ಒಂದು ಚಕ್ರ ಜಾರಿದರೂ ಇನ್ನೊಂದಕ್ಕೆ ಬಲ ಸಿಗುವಂತೆ ಮಾಡುವ ಬಗೆ. ಅದರೊಳಗಿನ ಕ್ಲಚ್ ಪ್ಲೇಟುಗಳು ನಯವಾಗಿ ಜಾರಲು ಫ್ರಿಕ್ಷನ್ ಮಾಡಿಫೈಯರ್ ಎಂಬ ದ್ರವ ಬೇಕು. ಕೆಲವು ಆಯಿಲ್‌ಗಳಲ್ಲಿ ಅದು ಬೆರೆತೇ ಬರುತ್ತದೆ, ಕೆಲವಕ್ಕೆ ಬೇರೆಯಾಗಿ ಹಾಕಬೇಕು. ಖಚಿತಪಡಿಸಿಕೊಳ್ಳಲು ಎರಡೂ ಹಿಂದಿನ ಚಕ್ರಗಳನ್ನು ಸ್ಟ್ಯಾಂಡ್ ಮೇಲೆ ಎತ್ತಿ, ಹ್ಯಾಂಡ್‌ಬ್ರೇಕ್ ಬಿಟ್ಟು, ನ್ಯೂಟ್ರಲ್‌ನಲ್ಲಿ ಒಂದನ್ನು ಕೈಯಿಂದ ತಿರುಗಿಸಿ. ಇನ್ನೊಂದೂ ಅದೇ ದಿಕ್ಕಿಗೆ ತಿರುಗಿದರೆ ಲಿಮಿಟೆಡ್ ಸ್ಲಿಪ್. ಎದುರು ದಿಕ್ಕಿಗೆ ತಿರುಗಿದರೆ ಸಾದಾ ಬಗೆ, ಅಥವಾ ಪ್ಲೇಟುಗಳು ತೀರಾ ಸವೆದಿವೆ. ಕೈಪಿಡಿ ಹೇಳಿದಷ್ಟು ದ್ರವ ಹಾಕಿ, ಖಾಲಿ ಜಾಗದಲ್ಲಿ ನಿಧಾನವಾಗಿ ಎಂಟರ ಆಕಾರದಲ್ಲಿ ಹತ್ತಾರು ಸುತ್ತು ಓಡಿಸಿ. ಪ್ಲೇಟುಗಳ ನಡುವೆ ಅದು ಇಳಿಯಲು ಅಷ್ಟು ಬೇಕು. ಜಾಸ್ತಿ ಹಾಕಿದರೆ ಹಿಡಿತವೇ ಹೋಗುತ್ತದೆ.

ಪ್ರಶ್ನೆ: ಹಿಂದಿನ ಚಕ್ರದ ಒಳಗೆ ಆಯಿಲ್ ಸೋರುತ್ತಿದೆ. ಸೀಲ್ ಬದಲಾಯಿಸಿ ಎರಡು ತಿಂಗಳಾಗಿಲ್ಲ.

ಉತ್ತರ: ಆಕ್ಸಲ್ ಮೇಲಿನ ಬ್ರೀದರ್ (ಒಳಗಿನ ಗಾಳಿ ಹೊರಹೋಗುವ ಚಿಕ್ಕ ಕಿಂಡಿ) ನೋಡಿ. ಬಿಸಿಯಾದಾಗ ಒಳಗಿನ ಗಾಳಿ ಹಿಗ್ಗುತ್ತದೆ. ಬ್ರೀದರ್ ಮಣ್ಣಿನಿಂದ ಕಟ್ಟಿದ್ದರೆ ಆ ಒತ್ತಡ ಸೀಲ್ ದಾಟಿಸಿ ಆಯಿಲ್ಲನ್ನು ಹೊರಗೆ ತಳ್ಳುತ್ತದೆ. ಬಿಚ್ಚಿ ಊದಿದರೆ ಗಾಳಿ ಸರಾಗ ಹೋಗಬೇಕು, ಇಲ್ಲದಿದ್ದರೆ ಹೊಸದು ಹಾಕಿ. ಅದು ಸರಿಯಿದ್ದರೆ ಆಯಿಲ್ ಮಟ್ಟ ಹೆಚ್ಚಾಗಿದೆಯೇ, ಆಕ್ಸಲ್ ಶಾಫ್ಟ್‌ನಲ್ಲಿ ಸೀಲ್ ಕೂರುವ ಜಾಗ ಸವೆದು ಗೆರೆ ಬಿದ್ದಿದೆಯೇ ಪರೀಕ್ಷಿಸಿ. ಬ್ರೇಕ್ ಶೂಗೆ ಗೇರ್ ಆಯಿಲ್ ತಗುಲಿದ್ದರೆ ತೊಳೆದು ಮತ್ತೆ ಹಾಕಬೇಡಿ. ಶೂ ಹೊಸದಾಗಿ ಹಾಕುವವರೆಗೆ ಗಾಡಿಯನ್ನು ರಸ್ತೆಗೆ ಇಳಿಸುವುದು ಅಪಾಯ.